ಅತ್ತೆ ಬರದ ದಿನ

ಹಳೇ ರಂಗಗೆಳೆಯರು ರವೀಂದ್ರ ಕಲಾಕ್ಷೇತ್ರದ ಹತ್ತಿರ ಎಲ್ಲಾದರೂ ಸಿಕ್ಕರೆ ಮೊದಲು ಕೇಳುವುದು ಒಂದೇ. ‘ನಾಟಕ ಪೂರ್ತಿ ಬಿಟ್ಟೇಬಿಟ್ಯಾ?’ ದನಿಯಲ್ಲಿ ಸಣ್ಣ ಮರುಕ ಇರುತ್ತದೆ. ನೀನಾಸಮ್ ರಂಗಶಾಲೆಯಲ್ಲಿ ಕಲಿತು, ಅವರ ತಿರುಗಾಟ ನಾಟಕ ತಂಡದಲ್ಲಿ ಊರೂರು ಸುತ್ತಿ, ಕೊನೆಗೆ ಮೆಗಾ ಸೀರಿಯಲ್‌ಗೆ ಅತ್ತೆ-ಸೊಸೆ ಸೀನ್ ಬರೆಯೋದಾ ಅಂತ. ನಾನು ಕಾಫಿ ಕುಡಿಸಿ ಮಾತು ತಿರುಗಿಸುತ್ತೇನೆ. ಉತ್ತರ ಇಲ್ಲ ಅಂತಲ್ಲ, ಸ್ವಲ್ಪ ಉದ್ದ ಇದೆ.

ಡೈಲಿ ಸೀರಿಯಲ್ ಕೆಲಸ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಜಾಸ್ತಿ ಗೊತ್ತಿರುವುದಿಲ್ಲ. ಕತೆಯ ಎಳೆಯನ್ನು ಚಾನೆಲ್‌ನವರ ಜೊತೆ ಕೂತು ಒಪ್ಪಿಸಿಕೊಳ್ಳಬೇಕು. ಆಮೇಲೆ ಸ್ಕ್ರೀನ್‌ಪ್ಲೇ ಬರೆಯುವವನು ಸೀನ್ ಆರ್ಡರ್ ಮಾಡುತ್ತಾನೆ. ಯಾವ ಸೀನಿನಲ್ಲಿ ಯಾರ್ಯಾರು, ಹಗಲೋ ರಾತ್ರಿಯೋ, ಎಲ್ಲಿಗೆ ನಿಲ್ಲಿಸಬೇಕು. ಅದಾದ ಮೇಲೆ ಡೈಲಾಗ್ ಬರೆಯುವವರ ಕೈಗೆ. ಅರ್ಧ ಗಂಟೆಯ ಸ್ಲಾಟ್ ಅಂದರೆ ಜಾಹೀರಾತು ಕಳೆದು 22 ನಿಮಿಷದ ಆಸುಪಾಸು. ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಬರುತ್ತದೆ. ಬುಧವಾರ ರಾತ್ರಿ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ.

ಆವತ್ತು ಸೋಮವಾರ. ರಾಜರಾಜೇಶ್ವರಿ ನಗರದ ಕಡೆಯ ಬಾಡಿಗೆ ಮನೆಯೊಂದರಲ್ಲಿ ಶೂಟಿಂಗ್. ಬೆಳಿಗ್ಗೆಯೇ ಎಪಿಸೋಡ್ ಡೈರೆಕ್ಟರ್ ಫೋನು. ‘ಸಾರ್, ಅತ್ತೆ ಇಲ್ಲ. ಹೈದರಾಬಾದಲ್ಲೇ ಸಿಕ್ಕಿಹಾಕ್ಕೊಂಡಿದ್ದಾರೆ. ತೆಲುಗು ಶೂಟಿಂಗ್ ಮುಗಿದಿಲ್ವಂತೆ. ಬೇಗ ಬನ್ನಿ.’ ಕೈಯಲ್ಲಿ ಒಂದೇ ಒಂದು ಎಪಿಸೋಡ್ ಸ್ಟಾಕ್ ಇರಲಿಲ್ಲ. ಆವತ್ತು ತೆಗೆದದ್ದು ಮಾರನೇ ದಿನ ರಾತ್ರಿ ಪ್ರಸಾರ ಆಗಲೇಬೇಕು. ಬರೆದಿಟ್ಟ ಸೀನೋ, ಅತ್ತೆ ಸೊಸೆಯ ಮೇಲೆ ಬಳೆ ಕದ್ದ ಆರೋಪ ಹೊರಿಸುವ ಸೀನು. ಮುಕ್ಕಾಲು ಎಪಿಸೋಡ್ ಅದೇ.

ನಾನು ಹೋಗುವಷ್ಟರಲ್ಲಿ ಲೈಟ್ ಹಾಕಿ ಎಲ್ಲರೂ ಸುಮ್ನೆ ಕೂತಿದ್ದರು. ಅತ್ತೆಗೆ ಒಂದು ಫೋನ್ ಕಾಲ್ ಇಟ್ಟು ತೇಲಿಸಿಬಿಡೋಣ ಅಂತ ಒಬ್ಬರು. ಫ್ಲ್ಯಾಶ್‌ಬ್ಯಾಕ್ ತುಂಬಿಸೋಣ ಅಂತ ಇನ್ನೊಬ್ಬರು. ನನಗೆ ನೆನಪಾದದ್ದು ತಿರುಗಾಟದ ಒಂದು ಸಂಜೆ.

ನೀನಾಸಮ್ ತಿರುಗಾಟ 1985ರಲ್ಲಿ ಶುರುವಾದದ್ದು. ಹೆಗ್ಗೋಡಿನಲ್ಲಿ ನಾಟಕ ಕಟ್ಟಿಕೊಂಡು ಹೊರಟರೆ ರಾಜ್ಯ ಪೂರ್ತಿ ಓಡಾಟ. ಸೆಟ್ ಇಳಿಸುವವರೂ ನಾವೇ, ಲೈಟ್ ಕಟ್ಟುವವರೂ ನಾವೇ, ರಾತ್ರಿ ರಾಜನಾಗಿ ಮೆರೆದು ಮತ್ತೆ ಪೆಟ್ಟಿಗೆ ಹೊರುವವರೂ ನಾವೇ. ಬಯಲುಸೀಮೆಯ ಒಂದು ಊರಲ್ಲಿ ಮಂತ್ರಿ ಪಾತ್ರದ ಹುಡುಗನಿಗೆ ಸಂಜೆ ಜ್ವರ ಏರಿ ಎದ್ದು ನಿಲ್ಲಲಾಗಲಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಜನ ಸೇರಿಬಿಟ್ಟಿದ್ದರು. ಮಂತ್ರಿ ಮುನಿಸಿಕೊಂಡು ಒಳಗೆ ಕೂತಿದ್ದಾನೆ ಅಂತ ಮಾಡಿದೆವು. ಎಲ್ಲರೂ ಸೈಡ್ ವಿಂಗಿನ ಕಡೆ ನೋಡಿಕೊಂಡೇ ಅವನನ್ನು ಬೇಡಿಕೊಂಡೆವು, ಬೈದೆವು. ಆಟ ಮುಗಿದ ಮೇಲೆ ಊರಿನ ಹಿರಿಯರೊಬ್ಬರು ಬಂದು, ‘ಆ ಮಂತ್ರಿ ಪಾರ್ಟು ಮಾಡಿದೋರು ಯಾರ್ರೀ? ಭಾರಿ ಮಾಡಿದ್ರು’ ಅಂದರು!

ಅದೇ ಉಪಾಯವನ್ನು ಇಲ್ಲಿ ಹಾಕಿದೆ. ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಬೆಳಿಗ್ಗೆಯಿಂದ ತೆಗೆದಿಲ್ಲ. ಸೊಸೆ ಕಾಫಿ ಲೋಟ ಹಿಡಿದು ಬಾಗಿಲ ಮುಂದೆ ನಿಂತು, ತನ್ನ ಮೇಲಿನ ಆರೋಪವನ್ನು ತಾನೇ ಎತ್ತಿ, ತಾನೇ ಉತ್ತರ ಕೊಡುತ್ತಾಳೆ. ಒಳಗಿಂದ ಒಂದು ಸದ್ದೂ ಇಲ್ಲ. ಲೋಟ ಹೊಸ್ತಿಲ ಹತ್ತಿರ ಇಟ್ಟು ಹೋಗುತ್ತಾಳೆ. ಮಾವ ಆ ಕಡೆಯಿಂದ ಬರುತ್ತಾನೆ. ಲೋಟ ನೋಡುತ್ತಾನೆ, ಬಾಗಿಲು ನೋಡುತ್ತಾನೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಆ ತಣ್ಣಗಿನ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಖಾಲಿ ಲೋಟ ಅಲ್ಲೇ ಬಿಟ್ಟು ಹೋಗುತ್ತಾನೆ. ಸೊಸೆ ವಾಪಸ್ ಬಂದು ಖಾಲಿ ಲೋಟ ನೋಡಿ, ಅತ್ತೆ ಕುಡಿದರು ಅಂದುಕೊಂಡು ಖುಷಿಪಡುತ್ತಾಳೆ. ಅಲ್ಲಿಗೆ ಫ್ರೀಜ್.

ಮೆಟ್ಟಿಲ ಮೇಲೆ ಕೂತು ಹಳೇ ಸೀನ್ ಪೇಪರಿನ ಹಿಂಬದಿಯಲ್ಲೇ ಬರೆದೆ. ಮಾವನ ಪಾತ್ರದವರು ವೃತ್ತಿ ನಾಟಕ ಕಂಪನಿಗಳಲ್ಲಿ ಪಳಗಿದ ಹಿರಿಯರು. ನಮ್ಮ ಸೀರಿಯಲ್‌ನಲ್ಲಿ ಅವರ ಪಾಲಿಗೆ ಬರುತ್ತಿದ್ದದ್ದು ‘ಹೌದಾ’, ‘ಆಗಲಿ’ ಅಷ್ಟೇ. ಪೇಪರ್ ಇಣುಕಿ ನೋಡಿ, ‘ಏನ್ ರೈಟರ್ರೇ, ಇವತ್ತು ನಂಗೂ ಮಾತು ಬಂತಾ?’ ಅಂದರು. ‘ಮಾತಿಲ್ಲ ಸಾರ್, ಕೆಲಸ ಇದೆ’ ಅಂದೆ. ‘ಇನ್ನೂ ಒಳ್ಳೇದಾಯ್ತು ಬಿಡಿ, ಪ್ರಾಂಪ್ಟಿಂಗ್ ಕಾಟ ಇಲ್ಲ’ ಅಂತ ನಕ್ಕರು. ಕಾಫಿ ನಿಜವಾಗಿಯೂ ತಣ್ಣಗೇ ಇರಲಿ ಅಂತ ಹೇಳಿ ಕಳಿಸಿದರು. ಕುಡಿದ ಮೇಲೆ ಹೆಗಲ ಟವೆಲ್‌ನಿಂದ ಲೋಟದ ಅಂಚು ಒರೆಸಿಟ್ಟರು. ಅದು ನಾನು ಬರೆದದ್ದಲ್ಲ.

ರಂಗದ ಮೇಲೆ ಒಬ್ಬ ಒಳಗೆ ಹೋಗಬೇಕಾದರೂ ಕಾರಣ ಬೇಕು. ಕ್ಯಾಮೆರಾದಲ್ಲಿ ಕಟ್ ಅಂದರೆ ಆಯಿತು. ಆದರೂ ನಾನು ಸೀನ್ ಆರ್ಡರ್ ಮಾಡುವಾಗ ಮೊದಲು ಹುಡುಕುವುದು ಯಾರು ಬಂದರು, ಯಾಕೆ ಹೋದರು ಅನ್ನುವುದನ್ನೇ. ಮಾತು ಬರೆಯಲು ನನಗಿಂತ ಚುರುಕಿನವರು ಬೇಕಾದಷ್ಟು ಮಂದಿ ಇದ್ದಾರೆ. ಇರುವ ಜನರಲ್ಲೇ ಆಟ ಕಟ್ಟುವುದು ಮಾತ್ರ ನನಗೆ ನಾಟಕದಿಂದ ಬಂದದ್ದು.

ನಾಟಕದಿಂದ ತೆರೆಗೆ ಬರುವುದೇನು ಹೊಸ ದಾರಿಯೂ ಅಲ್ಲ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅಲ್ಲಿ ಬೆಳೆದ ಜಿ.ವಿ. ಅಯ್ಯರ್ ಅವರೇ ಅಲ್ವಾ, 1954ರ ‘ಬೇಡರ ಕಣ್ಣಪ್ಪ’ ಬರೆದದ್ದು? ರಾಜ್‌ಕುಮಾರ್ ಹೀರೋ ಆದ ಮೊದಲ ಸಿನಿಮಾ. ಹುಣಸೂರು ಕೃಷ್ಣಮೂರ್ತಿಯವರೂ ನಾಟಕದಿಂದ ಬಂದು ಸಿನಿಮಾಕ್ಕೆ ಬರೆದವರು. ಅವರನ್ನು ಯಾರೂ ‘ನಾಟಕ ಬಿಟ್ಯಾ’ ಅಂತ ಮರುಕದಿಂದ ಕೇಳಿರಲಾರರು. ಸೀರಿಯಲ್ ಅಂದರೆ ಮಾತ್ರ ಯಾಕೋ ನಮ್ಮವರಿಗೆ ತಾತ್ಸಾರ. ಹೋಗಲಿ, ಬಳೆ ಕಳ್ಳತನದ ಕತೆ ನನಗೂ ಅಷ್ಟಕ್ಕಷ್ಟೇ.

ಮರುದಿನ ರಾತ್ರಿ ಪ್ರಸಾರ ಆಯಿತು. ಅದು ಮುಗಿಯುವುದರೊಳಗೆ ಚಾನೆಲ್‌ನಿಂದ ಫೋನು. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡೆ. ‘ಆ ಡೋರ್ ಟ್ರ್ಯಾಕ್ ಚೆನ್ನಾಗಿದೆ, ವಾರ ಪೂರ್ತಿ ಎಳೀರಿ’ ಅಂದರು. ಅಷ್ಟರಲ್ಲಿ ಅತ್ತೆ ಪಾತ್ರದವರು ಬೆಂಗಳೂರಿಗೆ ಬಂದು ಇಳಿದಿದ್ದರು. ಬುಧವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಮೇಕಪ್ ಮಾಡಿಸಿಕೊಂಡು ಬಂದು, ಸೀನ್ ಪೇಪರಿನಲ್ಲಿ ತಮ್ಮ ಹೆಸರೇ ಇಲ್ಲದ್ದು ನೋಡಿ ಸೀದಾ ನನ್ನ ಹತ್ತಿರ ಬಂದರು.

‘ರೈಟರೇ, ನಾನು ಬಾಗಿಲು ತೆಗೆಯೋದು ಯಾವಾಗ?’

‘ನಾಳೆ ಟಿಆರ್‌ಪಿ ಬರಲಿ ಮೇಡಂ’ ಅಂದೆ.