ಗೋಕರ್ಣಕ್ಕೋ ಮಲ್ಪೆಗೋ? ಕೇಳಿದವರಿಗೆಲ್ಲ ನನ್ನ ಉತ್ತರ

ಕಾಫಿ ಕುಯ್ಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆ ಬರುವುದರೊಳಗೆ ನಮ್ಮ ಮೂಡಿಗೆರೆ ಕಡೆಯ ತೋಟದ ಮನೆಗಳಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ಆಗ ಫೋನು ಶುರು. "ಅಕ್ಕಾ, ಎರಡು ದಿನ ಸಮುದ್ರ ನೋಡ್ಕೊಂಡು ಬರೋಣ ಅಂತಿದೀವಿ. ಗೋಕರ್ಣಕ್ಕೆ ಹೋಗೋದಾ, ಮಲ್ಪೆಗೆ ಹೋಗೋದಾ?" ವರ್ಷಕ್ಕೊಮ್ಮೆ ತಪ್ಪದೆ ಘಟ್ಟ ಇಳಿಯುವವಳು ಅಂತ ನನ್ನನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಗಾಡಿಯಲ್ಲಿ ಯಾರ್ಯಾರು ಇರ್ತೀರಿ?

ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಮಲ್ಪೆ. ಇದರಲ್ಲಿ ಎರಡು ಮಾತಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದರೆ ಉಜಿರೆ, ಬೆಳ್ತಂಗಡಿ, ಕಾರ್ಕಳ ದಾಟಿ ಮಧ್ಯಾಹ್ನದ ಊಟಕ್ಕೆ ಉಡುಪಿ. ಮಲ್ಪೆಯಲ್ಲಿ ಗಾಡಿ ಇಳಿದ ಕೂಡಲೇ ಮರಳು, ಹತ್ತು ಹೆಜ್ಜೆ ಹಾಕಿದರೆ ನೀರು.

ನಮ್ಮತ್ತೆ ಸಮುದ್ರವನ್ನು ಮೊದಲ ಸಲ ಮುಟ್ಟಿದ್ದು ಅಲ್ಲೇ, ಅರವತ್ತೆಂಟನೇ ವಯಸ್ಸಿನಲ್ಲಿ. ಚಪ್ಪಲಿ ಕೈಯಲ್ಲಿ ಹಿಡಿದು, ನೆರಿಗೆಯನ್ನು ಗೇಣುದ್ದ ಮೇಲೆತ್ತಿ ನಿಂತಿದ್ದರು. ಅಲೆ ಬಂತು, ಕಣಕಾಲು ತೋಯಿಸಿ ವಾಪಸು ಹೊರಟಿತು. ಹಿಮ್ಮಡಿ ಕೆಳಗಿನ ಮರಳು ಸರ್ರನೆ ಜಾರಿತು ನೋಡಿ, ಚಪ್ಪಲಿ ಬಿಟ್ಟು ನನ್ನ ಮಣಿಕಟ್ಟು ಹಿಡಿದರು. "ಕಾಲಡಿ ನೆಲಾನೇ ಓಡ್ತಿದೆ ಕಣೇ!" ನನ್ನ ಕೈಮೇಲೆ ಅವರ ಬಳೆಯ ಗುರುತು ಬಿದ್ದಿತ್ತು. ಆಮೇಲೆ ಒಂದು ಗಂಟೆ ಕರೆದರೂ ದಡಕ್ಕೆ ಬರಲಿಲ್ಲ. ಅವರನ್ನು ಮೊದಲು ಗೋಕರ್ಣದ ಬಂಡೆಗಳಿಗೆ ಕರೆದುಕೊಂಡು ಹೋಗಿದ್ದರೆ ದೂರದಿಂದಲೇ ಕೈಮುಗಿದು ಬಂದಿರುತ್ತಿದ್ದರು.

ಹಾಗಂತ ಗೋಕರ್ಣ ಕಡಿಮೆಯಲ್ಲ. ಮಹಾಬಲೇಶ್ವರನ ದರ್ಶನ ಮುಗಿಸಿ ನಾನೂ ನನ್ನವರೂ ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲಿಂದ ನಡೆದಿದ್ದೇವೆ. ಕೆಂಪು ಮುರಕಲ್ಲು, ಅಂಗಾಲಿಗೆ ಚುಚ್ಚುವ ತೂತು ತೂತು ನೆಲ, ಕೆಳಗೆ ಬಂಡೆಗೆ ಅಪ್ಪಳಿಸುವ ಅಲೆಯ ಸದ್ದು ಎದೆಯೊಳಗೇ ಕೇಳಿದಂತೆ. ಮುಂದಿನ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ನಡಿಗೆ ಇಲ್ಲವೇ ದೋಣಿ. ಮಂಡಿ ಗಟ್ಟಿ ಇದ್ದವರು ಖಂಡಿತ ಹೋಗಬೇಕು. ಆದರೆ ಮೂಡಿಗೆರೆಯಿಂದ ದಾರಿಯಲ್ಲೇ ಒಂದು ಹಗಲು ಹೋಗುತ್ತದೆ, ಮೂರು ದಿನ ಇಟ್ಟುಕೊಳ್ಳಿ. ಪಾಚಿ ಕಟ್ಟಿದ ಬಂಡೆ ಮೇಲೆ ಫೋಟೊಗೆ ನಿಲ್ಲಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ.

ನನಗೆ ನಿಜವಾಗಿ ಭಯ ಇರುವುದು ಬಂಡೆಯ ಬಗ್ಗೆ ಅಲ್ಲ. ಬಂಡೆ ನೋಡಿದರೆ ಯಾರಿಗಾದರೂ ಎಚ್ಚರ ಹುಟ್ಟುತ್ತದೆ. ಸೌಮ್ಯವಾಗಿ ಕಾಣುವ ನೀರೇ ನಮ್ಮಂಥ ಘಟ್ಟದ ಮೇಲಿನವರನ್ನು ಏಮಾರಿಸುವುದು. ಮರವಂತೆಯನ್ನೇ ನೋಡಿ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ 66. ಕಿಟಕಿಯಿಂದ ಎಷ್ಟು ಚೆಂದ! ಅದು ನೋಡುವ ಕಡಲು, ಈಜುವ ಕಡಲಲ್ಲ.

ಭದ್ರಾ ಹೊಳೆಯಲ್ಲಿ ಈಜು ಕಲಿತ ನನ್ನ ತಮ್ಮ ಒಮ್ಮೆ ಎರಡೂ ಬದಿ ಅಲೆ ಒಡೆಯುತ್ತಿದ್ದರೂ ನಡುವೆ ಮಾತ್ರ ಸುಮ್ಮನಿದ್ದ ಜಾಗ ನೋಡಿ, ಇಲ್ಲೇ ಸಲೀಸು ಅಂತ ಇಳಿದ. ದಡಕ್ಕೆ ಬಂದ ನೀರೆಲ್ಲ ಒಟ್ಟಾಗಿ ವಾಪಸು ಕಡಲಿಗೆ ನುಗ್ಗುವ ದಾರಿಯೇ ಅದು. ಅಲ್ಲಿ ತಳ ಆಳ, ಅಲೆ ಒಡೆಯದೆ ಇರುವುದೂ ಅದಕ್ಕೇ. ಅವನು ದಡದತ್ತ ಕೈ ಬಡಿದಷ್ಟೂ ಹಿಂದಕ್ಕೆ ಹೋಗುತ್ತಿದ್ದ. ಬಲೆ ಬಿಡಿಸುತ್ತಾ ಕೂತಿದ್ದ ಮೀನುಗಾರರೊಬ್ಬರು ಎದ್ದು "ಅಡ್ಡಕ್ಕೆ ಬಾ, ಅಡ್ಡಕ್ಕೆ!" ಅಂತ ಕೂಗಿದರು. ದಡಕ್ಕೆ ಸಮಾನಾಂತರವಾಗಿ ಈಜಿ, ಆ ಸೆಳೆತ ದಾಟಿ, ಅಲೆ ಒಡೆಯುವ ಕಡೆಯಿಂದ ಹೊರಗೆ ಬಂದ. ಆ ಹತ್ತು ನಿಮಿಷ ನನಗೆ ಇವತ್ತಿಗೂ ಕನಸಲ್ಲಿ ಬರುತ್ತದೆ. ಎಲ್ಲಿಗೇ ಹೋಗಿ, ಜೀವರಕ್ಷಕರು ಇರುವ ಕಡೆ ಮಾತ್ರ ನೀರಿಗಿಳಿಯಿರಿ.

ಮಳೆಗಾಲದ ಪ್ರಶ್ನೆಯೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯೂ ಮಳೆಗಾಲದಲ್ಲಿ ನಿಲ್ಲುತ್ತದೆ. ಚಾರ್ಮಾಡಿಯೂ ನಂಬಿಕೆಯದಲ್ಲ, 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ದಾರಿಯೇ ಮುಚ್ಚಿತ್ತು. ಬೇಸಿಗೆಗೆ ಮೊದಲು ಹೋದರೆ ಆ ದ್ವೀಪ ಮಾತ್ರ ಬಿಡಬೇಡಿ. ಕಂಬ ಕಂಬವಾಗಿ ನಿಂತ ಆ ಕಲ್ಲುಗಳು ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯವು.

ಮೊನ್ನೆ ಪಕ್ಕದ ತೋಟದವರು ಕೇಳಿದರು. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಕಾಲೇಜಿನ ಮಗನಿಗೆ ಗೋಕರ್ಣವೇ ಬೇಕು. ನಾನು ಕಾಪು ಅಂದೆ. ಉಡುಪಿಯಿಂದ ದೂರವೇನಿಲ್ಲ. ಬಂಡೆಯ ನೆತ್ತಿಯಲ್ಲಿ 1901ರ ದೀಪಸ್ತಂಭ, ಅಕ್ಕಪಕ್ಕ ಹಾಸಿದಂತೆ ಮರಳು. ಮಗ ಬಂಡೆ ಹತ್ತಿ ಅಲೆ ನೋಡಲಿ, ಅಮ್ಮ ಕೆಳಗೆ ಗಾಳಿಗೆ ಕೂರಲಿ. ಶನಿವಾರ ಹೊರಡುತ್ತಾರಂತೆ. ಅಮ್ಮನಿಗೆ ಒಂದು ಮಡಚುವ ಕುರ್ಚಿ ಗಾಡಿಗೆ ಹಾಕಿಕೊಳ್ಳಿ ಅಂತ ಹೇಳಿದ್ದೇನೆ.