ಲಿವರ್ ಸಿಸ್ಟ್ ಅಂದ್ರ ಅಂಜಬ್ಯಾಡ್ರಿ, ಆದ್ರ ಯಾವ ಸಿಸ್ಟ್ ಅಂತ ಕೇಳ್ರಿ

ನಮ್ಮ ಜತ್ತ ಕಡೆ ಹೊಟ್ಟಿನೋವು ಅಂತ ಹೋದ್ರ ಸೋನೋಗ್ರಫಿ ಬರದು ಕೊಡ್ತಾರ, ಕಲ್ಲು ಅದ ಏನು ನೋಡೂಣು ಅಂತ, ಕಲ್ಲು ಇರಂಗಿಲ್ಲ, ಲಿವರ್ ಸಿಸ್ಟ್, ಅಂದ್ರ ಲಿವರಿನ್ಯಾಗ ನೀರು ತುಂಬಿದ ಗುಳ್ಳಿ, ಅಂತ ರಿಪೋರ್ಟ್ ಬರ್ತದ. ನಮ್ಮ ಚಿಗವ್ವಗೂ ಹಂಗ ಆತು, ಕ್ಯಾನ್ಸರೇ ಅಂತ ತಿಳ್ಕೊಂಡು ಊಟಾನೇ ಬಿಟ್ಟಿದ್ಲು ಪಾಪ.

ಬಾಳಷ್ಟು ಮಂದಿಗೆ ಇರೋದು ಸಾದಾ ಸಿಸ್ಟ್. ತೆಳು ಗ್ವಾಡಿ, ಒಳಗ ತಿಳಿನೀರು, ಹುಟ್ಟಿನಿಂದ ಬಂದದ್ದು, ಹೆಣ್ಣುಮಕ್ಕಳಿಗೆ ಜಾಸ್ತಿ. ತ್ರಾಸ ಇಲ್ಲಂದ್ರ ಗುಳಿಗಿನೂ ಬ್ಯಾಡ ಆಪರೇಶನ್ನೂ ಬ್ಯಾಡ. ದೊಡ್ಡದಾದ್ರ ಮಾತ್ರ ಬಲಗಡೆ ಪಕ್ಕಡಿ ಕೆಳಗ ಭಾರ ಅನಸ್ತದ, ನಾಕು ತುತ್ತಿಗೇ ಹೊಟ್ಟಿ ತುಂಬ್ತದ, ವಾಕರಿಕಿ ಬರ್ತದ, ಆವಾಗ ದುರ್ಬೀನ್ ಆಪರೇಶನ್ (ಲ್ಯಾಪ್ರೋಸ್ಕೋಪಿ) ಮಾಡಿ ಸಿಸ್ಟಿನ ಮ್ಯಾಲಿನ ಗ್ವಾಡಿ ಕತ್ತರಿಸಿ ತಗೀತಾರ, ಬರೇ ಸೂಜಿಲೆ ನೀರು ತಗದ್ರ ಮತ್ತ ತುಂಬ್ಕೊಳ್ತದ. ಲಿವರ್ ತುಂಬ ಗುಳ್ಳಿ ಇದ್ದು ಕಿಡ್ನಿಯಾಗೂ ಇದ್ರ ಅದು ಮನೆತನದಾಗ ಬರೋ ಪಾಲಿಸಿಸ್ಟಿಕ್ ರೋಗ ಇರಬಹುದು, ಅದರ ದಾರಿನೇ ಬ್ಯಾರೆ.

ನನಗ ಕಾಳಜಿ ಇರೋದು ನಾಯಿ ಹುಳದಿಂದ ಆಗೋ ಹೈಡಾಟಿಡ್ ಸಿಸ್ಟಿಂದು, ಯಾಕಂದ್ರ ನಮ್ಮಲ್ಲಿ ಕುರಿ ಇದ್ದಲ್ಲಿ ನಾಯಿ ಇದ್ದೇ ಇರ್ತಾವು. ಜಾತ್ರ್ಯಾಗ ಕುರಿ ಕೊಯ್ದಾಗ ನೋಡಿರಬೇಕು ನೀವು, ಕಾಳಜದ (ಲಿವರಿನ) ಮ್ಯಾಲ, ಪುಪ್ಪಸದ ಮ್ಯಾಲ ಬೆಳ್ಳಗ ನೀರು ತುಂಬಿದ ಗುಳ್ಳಿ ಇರ್ತಾವು, ಅಷ್ಟು ಭಾಗ ಕೊಯ್ದು ಅಲ್ಲೇ ನಿಂತ ನಾಯಿಗೆ ಒಗದುಬಿಡ್ತಾರ. ಆ ಗುಳ್ಳ್ಯಾಗ ಎಕಿನೊಕಾಕಸ್ ಅನ್ನೋ ಹುಳದ ಮರಿ ಇರ್ತಾವು. ನಾಯಿ ಕರುಳಾಗ ಅವು ಹುಳ ಆಗ್ತಾವು, ತತ್ತಿ ಹೇಲಿನ ಜೋಡಿ ಹೊರಗ ಬಿದ್ದು ನಾಯಿ ಕೂದಲಕ್ಕ, ಕಾಯಿಪಲ್ಲ್ಯಾಕ್ಕ, ಹುಡುಗರ ಕೈಗೆ ಹತ್ತಿ ನಮ್ಮ ಹೊಟ್ಟಿ ಸೇರ್ತಾವು. ಮಟನ್ ತಿಂದದ್ದಕ್ಕ ಇದು ಬರಂಗಿಲ್ಲ. ಲಿವರ್ ಒಳಗ ವರ್ಷಗಟ್ಟಲೆ ಸುಮ್ಮನ ಬೆಳೀತದ, ಒಡದ್ರ ಮಾತ್ರ ಒಮ್ಮೆಲೆ ಮೈಗೆ ದದ್ದು ಎದ್ದು ಬಿಪಿ ಇಳದು ಜೀವಕ್ಕೇ ಬರಬಹುದು, ಒಳಗಿನ ಮರಿ ಹೊಟ್ಟಿತುಂಬ ಹರಡಬಹುದು. ಅದಕ್ಕ ಯಾವ ಸಿಸ್ಟ್ ಅಂತ ಗೊತ್ತಾಗೋತನಕ ಆ ಸಿಸ್ಟಿನ್ಯಾಗ ಯಾರಿಗೂ ಸೂಜಿ ಹಾಕಲಿಕ್ಕೆ ಬಿಡಬ್ಯಾಡ್ರಿ, ಮನ್ಯಾಗ ಕುರಿ ನಾಯಿ ಅದಾವು ಅಂತ ಡಾಕ್ಟರಿಗೆ ನೀವಾಗೇ ಹೇಳ್ರಿ, ಸ್ಕ್ಯಾನ್ ಜೋಡಿ ರಕ್ತ ಪರೀಕ್ಷಾನೂ ಮಾಡಸ್ತಾರ. ಹೈಡಾಟಿಡ್ ಇದ್ರ ಅಲ್ಬೆಂಡಜೋಲ್ ಅನ್ನೋ ಹುಳದ ಗುಳಿಗಿ ಕೊಡ್ತಾರ, ಬೇಕಾದ್ರ ಅದರ ಜೋಡಿ ಆಪರೇಶನ್, ಇಲ್ಲಾ ತಯಾರಿ ಮಾಡ್ಕೊಂಡು ಸೂಜಿಲೆ ನೀರು ತಗದು ಹುಳ ಸಾಯೋ ಔಷಧ ಬಿಡ್ತಾರ. ಜ್ವರ ಬಂದು ನೋವು ಹೆಚ್ಚಾದ್ರ, ಕಣ್ಣು ಹಳದಿ ಆದ್ರ ಅವತ್ತೇ ದವಾಖಾನಿಗೆ ಹೋಗ್ರಿ, ಕಾಮಣಿ ಔಷಧ ಹುಡಕ್ಕೊಂತ ಕೂಡಬ್ಯಾಡ್ರಿ.

ಗುಳ್ಳಿ ಇದ್ದ ಕಾಳಜ ಸುಟ್ಟುಬಿಡ್ರಿ, ಇಲ್ಲಾ ನಾಯಿ ಕೆದರಲಾರದಷ್ಟು ಆಳ ತೆಗ್ಗಿನ್ಯಾಗ ಹುಗೀರಿ. ದನದ ಡಾಕ್ಟರಿಗೆ ಕೇಳಿದ್ರ ನಾಯಿಗೆ ಪ್ರಾಜಿಕ್ವಾಂಟೆಲ್ ಅನ್ನೋ ಹುಳದ ಗುಳಿಗಿ ಎಷ್ಟು, ಯಾವಾಗ ಹಾಕಬೇಕು ಅಂತ ಹೇಳ್ತಾರ.