ಶುಗರ್ ಇರುವ ಮಗನ ಜೊತೆ ಎಷ್ಟು ಸ್ಟ್ರಿಕ್ಟ್ ಇರಬೇಕು?

ಮದುವೆ ಮನೆಯಲ್ಲಿ ಸಿಗಲಿ, ಉಡುಪಿ ರಥಬೀದಿಯಲ್ಲಿ ಸಿಗಲಿ, ಪರಿಚಯದವರು ಕೇಳುವುದು ಇದನ್ನೇ: "ಮಗನ ವಿಷಯದಲ್ಲಿ ನೀವು ತುಂಬಾ ಸ್ಟ್ರಿಕ್ಟಾ ಮಾರಾಯ್ರೆ, ಅಲ್ಲ ಅವನಿಗೇ ಬಿಟ್ಟಿದ್ದೀರಾ?" ಅವನಿಗೀಗ 15 ವರ್ಷ. ಟೈಪ್ 1 ಡಯಾಬಿಟಿಸ್ ಗೊತ್ತಾದಾಗ 9.

ಇನ್ಸುಲಿನ್ ವಿಷಯದಲ್ಲಿ ಚೌಕಾಸಿ ಇಲ್ಲ. ಅವನ ದೇಹ ಅದನ್ನು ತಯಾರಿಸುವುದಿಲ್ಲ, ತಪ್ಪಿಸಿದರೆ ಜೀವಕ್ಕೇ ಅಪಾಯ. ಊಟಕ್ಕೆ ಮೊದಲು, ಮಲಗುವ ಮೊದಲು ಚೆಕ್ ಮಾಡಲೇಬೇಕು. ಶುಗರ್ 70ಕ್ಕಿಂತ ಇಳಿದರೆ ತಕ್ಷಣ ತಿನ್ನಲು ಬ್ಯಾಗಿನಲ್ಲಿ ಗ್ಲೂಕೋಸ್ ಇರಲೇಬೇಕು. ಇಷ್ಟಕ್ಕೆ ನಾನು ಸ್ಟ್ರಿಕ್ಟ್. ಮೀಟರಿನಲ್ಲಿ ಬಂದ ನಂಬರಿಗೆ ಮಾತ್ರ ಬೈಯುವುದಿಲ್ಲ.

ಮೊದಲು ಬೈಯುತ್ತಿದ್ದೆ. 280 ಬಂದರೆ ಸಾಕು, "ಗಡ್ಬಡ್ ಐಸ್‌ಕ್ರೀಮ್ ತಿಂದಿಯಾ? ಯಾರ ಜೊತೆ?" ಅಂತ ಶುರು. ಅವನಿಗೆ 13 ಆದಾಗ, ಅವನು ಶುಗರ್ ಬರೆದಿಡುವ ಡೈರಿಯಲ್ಲಿ ಬರೀ 110, 125, 130 ಬರತೊಡಗಿತು. ನನಗೋ ಖುಷಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿದರೆ 9.8! ಡಾಕ್ಟರು 7ರ ಹತ್ತಿರ ಇರಲಿ ಎಂದಿದ್ದರು. ಮನೆಗೆ ಬಂದು ಮೀಟರಿನ ಮೆಮೊರಿ ನೋಡಿದೆ. ಡೈರಿಯ ನಂಬರುಗಳು ಅದರಲ್ಲಿ ಇರಲೇ ಇಲ್ಲ.

"ಹಾಗೆ ಬರೆದರೆ ನೀನು ಸುಮ್ನೆ ಇರ್ತಿ ಅಮ್ಮ" ಅಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹರೆಯದಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವಂತೆ. ಏನೂ ಕದ್ದು ತಿನ್ನದಿದ್ದರೂ ಶುಗರ್ ಏರುತ್ತದೆ, ಡೋಸ್ ಜಾಸ್ತಿ ಬೇಕಾಗುತ್ತದೆ. ಎಷ್ಟು ಸಲ ತಪ್ಪಿಲ್ಲದೆ ಬೈಸಿಕೊಂಡನೋ ಮಗು. ನಿಜವಾದ ನಂಬರ್ ಗೊತ್ತಾಗದೆ ಡೋಸೂ ಏರಿಸಿರಲಿಲ್ಲ.

ಈಗ ನಂಬರ್ ಕೇಳಿದ ಮೇಲೆ ನನ್ನ ಮಾತು ಒಂದೇ, "ಎಷ್ಟು ಯೂನಿಟ್ ತೆಗೊಳ್ತಿ?" ಲೆಕ್ಕ ಅವನದ್ದು, ಪಕ್ಕದಲ್ಲಿ ನಾನು. ಅಷ್ಟಮಿಯ ಉಂಡೆಯನ್ನೂ ತಿನ್ನುತ್ತಾನೆ, ಅದಕ್ಕೆ ತಕ್ಕಷ್ಟು ಇನ್ಸುಲಿನ್ ಸೇರಿಸಿ. ನಮ್ಮ ಅತ್ತೆಗೆ ಇದನ್ನು ನೋಡಿದರೆ ಇನ್ನೂ ಸಂಕಟ.

"ದೊಡ್ಡವನಾದ ಅಲ್ವಾ, ಅವನೇ ನೋಡಿಕೊಳ್ಳಲಿ" ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಆರು ವರ್ಷದಿಂದ ಒಂದು ದಿನವೂ ರಜೆ ಇಲ್ಲದ ಕೆಲಸ ಇದು, ಅವನಿಗೂ ಸಾಕಾಗುತ್ತದೆ. ಕೆಲವು ರಾತ್ರಿ "ಇವತ್ತು ನೀನೇ ಮಾಡಮ್ಮ" ಅಂತ ಬೆರಳು ಚಾಚುತ್ತಾನೆ. ನಾನೇ ಚುಚ್ಚಿ ನೋಡಿ, ಇನ್ಸುಲಿನ್ ಪೆನ್ನಿನಲ್ಲಿ ಯೂನಿಟ್ ತಿರುಗಿಸಿ ಕೊಡುತ್ತೇನೆ.

ಕಳೆದ ವಾರ 312 ಬಂತು. ಅಡುಗೆಮನೆಗೆ ಬಂದು ತಾನಾಗಿಯೇ ಹೇಳಿದ. ಇಬ್ಬರೂ ಸೇರಿ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಏರುವ ಆಮ್ಲ) ನೋಡಿದೆವು, ಇರಲಿಲ್ಲ. ಇನ್ಸುಲಿನ್ ತೆಗೆದುಕೊಂಡು, ಒಂದು ಚೊಂಬು ನೀರು ಕುಡಿದು ಓದಲು ಕೂತ.